ಹೊಸಬರಿಗೆಂದು ಆರು ರೆಕಾರ್ಡು

ಸಂಭಾಜಿನಗರಕ್ಕೆ ವರ್ಗವಾಗಿ ಬಂದ ಎರಡನೇ ವಾರ, ಒಂದು ಸೋಮವಾರ ಸಂಜೆ, ಮನೆಮಾಲೀಕರ ಪಡಸಾಲೆಯಲ್ಲಿ ಕೂತು ನನ್ನ ಜೀವನದ ಮೊದಲ ಜಾಜ್ ರೆಕಾರ್ಡು ಕೇಳಿದೆ. ಅದು ಮುಗಿದಾಗ "ಇನ್ನೊಂದು ಆಗ್ಲಿರಿ ಕಾಕಾ" ಎಂದೆ. ಆ ಒಂದು ಮಾತಿಗೆ ನನ್ನ ಐದು ತಿಂಗಳ ಸಂಜೆಗಳು ಹೋದವು.

ಆ ಮಾತು ನನ್ನ ಬಾಯಿಗೆ ಬಂದದ್ದು ಊಟದ ಪಂಕ್ತಿಯಿಂದ. ಬೀದರ ಜಿಲ್ಲೆಯ ನಮ್ಮ ಮನೆಗಳಲ್ಲಿ ಊಟಕ್ಕೆ ಕೂತವರು ಮೊದಲ ಸುತ್ತಿಗೇ ಸಾಕು ಅಂದರೆ ಬಡಿಸುವವರ ಮುಖ ಸಣ್ಣದಾಗುತ್ತದೆ. ಹೊಟ್ಟೆ ತುಂಬಿದ್ದರೂ "ಇನ್ನೊಂದ್ ಅರ್ಧಾ ರೊಟ್ಟಿ ಆಗ್ಲಿರಿ" ಅನ್ನಬೇಕು. ಅವರು ಒಂದು ಪೂರಾ ಹಾಕುತ್ತಾರೆ, ನಾವು ಅಯ್ಯಯ್ಯೋ ಅನ್ನುತ್ತೇವೆ, ಇಬ್ಬರಿಗೂ ಸಮಾಧಾನ. ಖರೇ ಸಾಕಾದಾಗ ಬಾಯಿಯಿಂದ ಹೇಳಿದರೆ ಯಾರೂ ನಂಬುವುದಿಲ್ಲ. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಗ್ಗಬೇಕು. ರೆಕಾರ್ಡಿಗೂ ರೊಟ್ಟಿಯ ಮರ್ಯಾದೆಯನ್ನೇ ತೋರಿಸಿದೆ ನಾನು. ಕಾಕಾ ಅದನ್ನು ನಿಜವೆಂದು ತಿಳಿದರು.

ಕಾಕಾ, ಅವರ ಹೆಂಡತಿ ಕಾಕು ಕೂಡ ನಮ್ಮ ಕಡೆಯವರೇ. ಐವತ್ತು ವರ್ಷದ ಹಿಂದೆ ಬೀದರ ಬಿಟ್ಟು ಇಲ್ಲಿ ನೆಲೆಸಿದವರು. ಮನೆಯಲ್ಲಿ ಕನ್ನಡ ಉಳಿಸಿಕೊಂಡಿದ್ದಾರೆ. ಅದರೊಳಗೆ ಮರಾಠಿ ಎಷ್ಟು, ಹಿಂದಿ ಎಷ್ಟು ಅಂತ ಸೋಸಲು ಹೋದರೆ ಕೆಲಸ ಕೆಡುತ್ತದೆ. ಅವರು ಹಿಂದೆ ಯಾರಿಗೂ ಬಾಡಿಗೆಗೆ ಕೊಟ್ಟವರಲ್ಲ. ನಾನು ಕೆಲಸ ಮಾಡುವ ಬ್ಯಾಂಕಿನ ಪರಿಚಯದವರೊಬ್ಬರು, "ನಿಮ್ಮ ಊರಿನಾಕಿ, ಒಬ್ಬಾಕಿ ಇರ್ತಾಳ" ಎಂದು ಹೇಳಿದ್ದಕ್ಕೆ ಹಿತ್ತಲ ಕಡೆಯ ಕೋಣೆ ತೆರೆದು, ಸುಣ್ಣ ಹೊಡೆಸಿ ಕೊಟ್ಟರು. ಬಂದ ಮೂರನೇ ದಿನ ನನಗೆ ಜ್ವರ ಬಂತು. ಕಾಕು ನಾಲ್ಕು ದಿನ ಗಂಜಿ ತಂದುಕೊಟ್ಟರು. ಒಮ್ಮೆ ಒಬ್ಬರ ಗಂಜಿ ಕುಡಿದ ಮೇಲೆ ಅವರಿಗೆ ಇಲ್ಲ ಅನ್ನುವುದು ಹೇಗೆ? ನಮ್ಮಲ್ಲಿ ಇದಕ್ಕೆ ಭಿಡೆ ಅನ್ನುತ್ತಾರೆ. ಬೀಗ ಕಾಣಿಸುವುದಿಲ್ಲ, ಬಾಗಿಲು ಮಾತ್ರ ತೆರೆಯುವುದಿಲ್ಲ.

ಕಾಕಾಗೆ ಜಾಜ್ ಸಿಕ್ಕಿದ್ದು ಕಾರ್ಖಾನೆಯಲ್ಲಿ. ಅವರು ಕೆಲಸ ಮಾಡುತ್ತಿದ್ದಲ್ಲಿ ಯಂತ್ರ ಕೂಡಿಸಲು ಬಂದಿದ್ದ ಪರದೇಶದ ಎಂಜಿನಿಯರ್ ಒಬ್ಬ ವಾಪಸ್ ಹೋಗುವಾಗ ಒಂದು ಪೆಟ್ಟಿಗೆ ರೆಕಾರ್ಡು ಬಿಟ್ಟುಹೋಗಿದ್ದನಂತೆ. ಆಗಿನಿಂದ ಹುಚ್ಚು. ಆಮೇಲೆ ಮುಂಬಯಿಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ಹುಡುಕಿ ತಂದು ಈಗ ಒಂದು ಕಪಾಟು ತುಂಬಿದೆ. ಕಪಾಟಿನ ಕೆಳಗಿನ ಖಾನೆಯಲ್ಲಿ ಆರು ಬೇರೆಯಾಗಿ ಇಟ್ಟಿದ್ದರು. ಅವು ಹೊಸಬರಿಗೆ.

"ಬಾಯಾರ, ಜಾಜ್ ಒಮ್ಮಿಗೇ ಏರಂಗಿಲ್ರಿ," ಅಂದರು ಮೊದಲ ದಿನ. "ಮಂದಿ ಏನ್ ಮಾಡ್ತಾರ, ಎಲ್ಲಿಂದರ ಒಂದು ಜೋರಿಂದು ಕೇಳ್ತಾರ, ಭಾಂಡಿ ಬಿದ್ದಂಗ ಆಗ್ಲಿಕ್ಕತ್ತದ ಅಂತಾರ, ಎದ್ದು ಹೋಗ್ತಾರ. ತಪ್ಪು ಅವ್ರದಲ್ಲ. ಶುರು ಮಾಡಿದ್ದು ತಪ್ಪು. ಮೊದ್ಲು ಮೆತ್ತಂದು. ವಾರಕ್ಕೊಂದೇ. ಒಂದೇ ರೆಕಾರ್ಡ್ ವಾರ ಪೂರಾ."

ಏಳಕ್ಕೆ ಶುರು, ಎಂಟಕ್ಕೆ ಅವರ ಊಟ, ಎಂಟೂವರೆಗೆ ನಿದ್ದೆ. ಕೇಳುವಾಗ ಮಾತಿಲ್ಲ, ಏಳುವಂತಿಲ್ಲ, ಫೋನಿನ ಸದ್ದು ಬಂದ್. ನಾನು ಹೂಂ ಅಂದೆ. ಅದೇ ಏಳರಿಂದ ಎಂಟರ ತಾಸು ನನ್ನ ಮಗಳದ್ದಾಗಿತ್ತು.

ಮಗಳು ನಾಸಿಕ್‌ನಲ್ಲಿ ಅಪ್ಪನ ಜೊತೆ ಇದ್ದಾಳೆ. ನಮ್ಮ ಮನೆಯವರದು ಸಾತಪುರದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಅವಳದು ಹನ್ನೆರಡನೇ ವರ್ಗ. ಕಾಲೇಜು, ಕ್ಲಾಸು ಮುಗಿಸಿ ಮನೆಗೆ ಬರುವುದು ಪೌಣೇಳಕ್ಕೆ, ಅಂದರೆ ಆರೂ ಮುಕ್ಕಾಲಿಗೆ. ಎಂಟಕ್ಕೆ ಮತ್ತೆ ಓದಲು ಕೂರಬೇಕು. ನಾನು ಹೊರಡುವ ಹಿಂದಿನ ದಿನ ನಾನೇ ಕಾಯ್ದೆ ಮಾಡಿಟ್ಟು ಬಂದಿದ್ದೆ: ಫೋನು ಏಳರಿಂದ ಎಂಟರ ತನಕ ಅವಳ ಕೈಯಲ್ಲಿ, ಉಳಿದ ಹೊತ್ತು ಕಬ್ಬಿಣದ ಕಪಾಟಿನಲ್ಲಿ, ಕೀಲಿ ಅಪ್ಪನ ಹತ್ತಿರ. "ಏಳಕ್ಕ ನಾನೂ ಖಾಲಿ ಇರ್ತೀನಿ, ದಿನಾ ಮಾತಾಡೂಣು," ಅಂದಿದ್ದೆ. ಅವಳು ಮರಾಠಿಯಲ್ಲಿ, "ಆಯಿ, ತೂ ತರ್ ಜೇಲರ್ ಆಹೇಸ್" ಅಂದಳು. ಜೈಲರ್ ಅಂತೆ ನಾನು! ಇಬ್ಬರೂ ನಕ್ಕಿದ್ದೆವು.

ಮೊದಲ ವಾರದ ರೆಕಾರ್ಡಿನಲ್ಲಿ ಒಬ್ಬ ತುತ್ತೂರಿಯ ಬಾಯಿಗೆ ಏನೋ ಮುಚ್ಚಿ ಊದುತ್ತಿದ್ದ. ಮುಚ್ಚಿದ ಬಾಗಿಲ ಆಚೆಯಿಂದ ಯಾರೋ ಕರೆದಂತೆ ಕೇಳುತ್ತಿತ್ತು. ನಾನು ಮಾತ್ರ ಹಾಡುವವರು ಯಾವಾಗ ಬರುತ್ತಾರೆ ಅಂತ ಕಾಯುತ್ತಿದ್ದೆ. ನಮ್ಮ ಊರ ಮಠದ ಭಜನೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಯವರು ಮೊದಲು ಸ್ವಲ್ಪ ನುಡಿಸುತ್ತಾರಲ್ಲ, ಹಾಗೆ ಅಂದುಕೊಂಡಿದ್ದೆ. ಇಪ್ಪತ್ತು ನಿಮಿಷವಾದರೂ ಯಾರೂ ಬಾಯಿ ಬಿಡಲಿಲ್ಲ. ಬಗಲಿಗೆ ತಿರುಗಿ ಮೆಲ್ಲಗೆ, "ಇವ್ರು ಹಾಡ್ಲಿಕ್ಕ ಯಾವಾಗ ಚಾಲೂ ಮಾಡ್ತಾರ್ರಿ?" ಅಂದೆ. ಕಾಕಾ ಬೆರಳು ತುಟಿಗಿಟ್ಟರು.

ಆಮೇಲೆ ವಿವರಿಸಿದರು. "ಧಾಟಿ ಒಂದ್ಸಲ ಎಲ್ಲಾರೂ ಕೂಡಿ ಹೇಳ್ತಾರ. ಆಮ್ಯಾಲೆ ಒಬ್ಬೊಬ್ಬಾಂವ ತನ್ನ ಪಾಳಿ ಬಂದಾಗ ಮನಿ ಬಿಟ್ಟು ಹೊರಗ ತಿರುಗಾಡಿ ಬರ್ತಾನ. ಉಳದವ್ರು ಮನಿ ಕಾಯ್ತಾರ. ಯಾರು ಎಷ್ಟ ದೂರ ಹೋದ, ಹೆಂಗ ತಿರುಗಿ ಬಂದ, ಅಷ್ಟೇ ಕೇಳೂದು."

ಎರಡನೇ ವಾರ ಪಿಯಾನೋ, ಮೂರು ಜನರದು. ಆ ವಾರ ಪೂರಾ ಕಾಕಾ ನನಗೆ ದಪ್ಪ ತಂತಿಯ ವಾದ್ಯ ಒಂದನ್ನೇ ಕೇಳಲು ಹೇಳಿದ್ದರು. ಆಳೆತ್ತರದ ಪಿಟೀಲು ಅದು, ನಿಂತು ಬೆರಳಿನಿಂದ ಮೀಟುತ್ತಾರೆ. "ಅಡಿಪಾಯ ಅದು. ಬಾಕಿದ್ದೆಲ್ಲಾ ಬಿಡ್ರಿ." ಮೂರನೇ ವಾರ ಡೋಲಿನವ ತಟ್ಟೆಯ ಮೇಲೆ ತಂತಿಯ ಕುಂಚ ಆಡಿಸುತ್ತಿದ್ದ. ಅಂಗಳ ಗುಡಿಸಿದ ಸಪ್ಪಳ. ನಾಲ್ಕನೆಯದರಲ್ಲಿ ಅಂತೂ ಒಬ್ಬ ಹೆಂಗಸು ಹಾಡಿದಳು. ಅವತ್ತು ನಾನು ಎಷ್ಟು ಖುಷಿಪಟ್ಟೆನೆಂದರೆ ಕಾಕಾಗೆ ಬೇಜಾರಾಯಿತು. "ಮಾತು ಕೇಳಬ್ಯಾಡ್ರಿ ಬಾಯಾರ, ದನಿ ಕೇಳ್ರಿ." ಐದನೆಯದು ದೊಡ್ಡ ಮೇಳ, ಮದುವೆಯ ಬ್ಯಾಂಡಿನವರು ಶಿಸ್ತಿಗೆ ಬಂದಂತೆ. ಆರನೆಯದರಲ್ಲಿ ಸ್ಯಾಕ್ಸೋಫೋನು, ನೆಗಡಿಯಾದ ಗಂಡಸು ಮೆಲುದನಿಯಲ್ಲಿ ಏನೋ ಒಪ್ಪಿಕೊಂಡಂತೆ. ಆರು ಮುಗಿದವು. ಉಸಿರುಬಿಟ್ಟೆ. ಏಳನೇ ಸೋಮವಾರ ನೋಡಿದರೆ ಮತ್ತೆ ಮೊದಲನೆಯದು.

"ಎರಡನೇ ಸುತ್ತಿನ್ಯಾಗ ಖರೇ ಗೊತ್ತಾಗ್ತದ," ಅಂದರು ಕಾಕಾ.

ಕಾಕು ಈ ತಾಸಿನಲ್ಲಿ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಪೌಣೇಳಕ್ಕೆ ಸೀರೆ ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ, ಓಣಿಯ ಕೊನೆಯ ಗಣಪತಿ ಗುಡಿಯ ಕಟ್ಟೆಗೆ ಹೋಗುತ್ತಿದ್ದರು. ಮೊದಮೊದಲು ನಾನು, "ನೀವೂ ಕುಂದರ್ರಿ ಕಾಕು" ಅಂದಾಗ ಗಟ್ಟಿಯಾಗಿ ನಕ್ಕು, "ನಂದು ಶಾಲಿ ಮುಗದದ, ಯವ್ವಾ" ಅಂದಿದ್ದರು. ಒಂದು ದಿನ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ದನಿ ಇಳಿಸಿ, "ನೀ ಬಂದಿದ್ದು ಛಲೋ ಆತು. ಅವ್ರಿಗೆ ಬಿ.ಪಿ. ಅದ. ಕೇಳವ್ರು ಇಲ್ಲಂದ್ರ ಮನಸಿಗೆ ಹಚ್ಕೋತಾರ" ಅಂದರು. ಈ ಮಾತಿನ ನಂತರ ನನ್ನ ಕಾಲಿಗೆ ಇನ್ನೊಂದು ಗಂಟು ಬಿತ್ತು.

ಬಿಡುಗಡೆ ಅಂತ ಇದ್ದದ್ದು ನೀರಿನ ದಿನ ಮಾತ್ರ. ನಮ್ಮ ಓಣಿಗೆ ನಲ್ಲಿ ನೀರು ವಾರಕ್ಕೊಮ್ಮೆ, ಅದೂ ಸಂಜೆ. ನೀರು ಬಂದಿತೆಂದರೆ ಕಾಕಾ ಲುಂಗಿ ಮೇಲೆ ಕಟ್ಟಿ ಪೈಪು ಹಿಡಿಯುತ್ತಾರೆ, ಕಾಕು ಕೊಡ, ನಾನು ಬಕೆಟ್ಟು. ಆ ಗದ್ದಲದಲ್ಲಿ ಜಾಜ್ ಇಲ್ಲ. ನೀರಿನ ಟಾಕಿಯ ಪಕ್ಕದಲ್ಲಿ ಒದ್ದೆ ಕಾಲಲ್ಲಿ ನಿಂತು, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಮಗಳ ಜೊತೆ ಮಾತಾಡುತ್ತಿದ್ದೆ. ಉಳಿದ ದಿನ ಮೆಸೇಜು. "ಇವತ್ತು ಆಗಂಗಿಲ್ಲ, ಕಾಕಾ ಕರದಾರ." ಅವಳು ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದಳು. ಶುರುವಿನಲ್ಲಿ ಅದರ ಜೊತೆ ಒಂದೆರಡು ಸಾಲು ಇರುತ್ತಿತ್ತು. ಬರಬರುತ್ತ ಹೆಬ್ಬೆರಳು ಮಾತ್ರ.

ಇನ್ನೊಂದು ಕಷ್ಟವನ್ನೂ ಹೇಳಿಬಿಡುತ್ತೇನೆ. ಮೂರನೇ ತಿಂಗಳ ಹೊತ್ತಿಗೆ ನನಗೆ ಅದು ಇಷ್ಟವಾಗತೊಡಗಿತ್ತು. ಬ್ಯಾಂಕಿನಲ್ಲಿ ಕೂತಿದ್ದಾಗ ಆ ದಪ್ಪ ತಂತಿ ತಾನಾಗಿಯೇ ತಲೆಯೊಳಗೆ ನಡೆಯಲು ಶುರುಮಾಡುತ್ತಿತ್ತು. ಪಿಯಾನೋದವ ಯಾವ ಜಾಗದಲ್ಲಿ ಹೊರಗೆ ಹೋಗಿ ಯಾವ ಜಾಗದಲ್ಲಿ ವಾಪಸ್ ಬರುತ್ತಾನೆ ಅನ್ನುವುದು ನನಗೆ ಗೊತ್ತಿತ್ತು, ಬರುವ ಸ್ವಲ್ಪ ಮೊದಲು ಕುರ್ಚಿಯ ತುದಿಗೆ ಸರಿದಿರುತ್ತಿದ್ದೆ. ಪೂರ್ತಿ ಬೇಡವಾಗಿದ್ದರೆ ಎದ್ದು ಬರಬಹುದಿತ್ತೋ ಏನೋ. ಅರ್ಧ ಇಷ್ಟ, ಅರ್ಧ ಭಿಡೆ, ಹೀಗಾಗಿ ದಿನಾ ಅದೇ ಬೆತ್ತದ ಕುರ್ಚಿ. ರೆಕಾರ್ಡು ತಿರುಗುತ್ತಿರುವಾಗ ಗೋಡೆಯ ಗಡಿಯಾರ ನೋಡುತ್ತಿದ್ದೆ. ಏಳೂ ಇಪ್ಪತ್ತು, ಈಗ ಅವಳು ಚಹಾ ಕುಡಿದಿರುತ್ತಾಳೆ. ಏಳೂ ನಲವತ್ತು, ಈಗ ಫೋನು ಕೈಯಲ್ಲಿದೆ. ಎಂಟು, ಕಪಾಟು.

ದೀಪಾವಳಿ ಆಗಿ ಎರಡು ವಾರಕ್ಕೆ, ಎರಡನೇ ಶನಿವಾರದ ರಜೆಗೆ ನಾಸಿಕ್‌ಗೆ ಹೋದೆ. ಜಿನ್ನೆಯ ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯ ವಹಿನಿ ಎದುರಾದರು. ಒಳ್ಳೆಯ ಹೆಂಗಸು. "ಈಗ ಹುಷಾರಾಗಿದ್ದಾಳೆ ಬಿಡಿ, ಆ ಫಿಜಿಕ್ಸ್ ಪರೀಕ್ಷೆಯ ದಿನ ಎಷ್ಟು ಅತ್ತಳು ಪೋರಿ! ನನ್ನ ಹತ್ತಿರವೇ ಮಲಗಿಸಿಕೊಂಡೆ," ಎಂದರು ಮರಾಠಿಯಲ್ಲಿ. ನಾನು ಗೊತ್ತಿದ್ದವಳಂತೆ ತಲೆ ಆಡಿಸಿದೆ. ಗೊತ್ತಿರಲಿಲ್ಲ.

ಮೇಲೆ ಹೋಗಿ, ಚೀಲ ಇಟ್ಟು, ಕೈಕಾಲು ತೊಳೆದು, ಮಗಳ ಎದುರು ಕೂತೆ. ಫೇಲಾದದ್ದು ದೊಡ್ಡದಲ್ಲ, ಕಾಲೇಜಿನ ಸಣ್ಣ ಪರೀಕ್ಷೆ. "ನನಗ ಯಾಕ ಹೇಳಲಿಲ್ಲ?" ಅಂದೆ.

ಅವಳು ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ. "ಮೂರು ದಿನ ಏಳಕ್ಕ ಫೋನ್ ಮಾಡ್ದೆ. ನೀ ಕಟ್ ಮಾಡ್ದಿ."

"ಕಾಕಾ ಎದುರಿಗೆ ಕುಂತಿದ್ರು ಮಗಾ..."

"ಮಾಹಿತಿ ಆಹೇ. ಗೊತ್ತದ ಆಯಿ. ನಿಂದು ಜಾಜ್ ಟೈಮ್."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಆಫೀಸಿಗೆ ಹೋಗುವವರ ಬಸ್ಸಿನ ಹೊತ್ತು ಹೇಳಿದಂತೆ ಹೇಳಿದಳು. ಅಷ್ಟರಲ್ಲಿ ಅವಳ ಅಪ್ಪ ಎರಡನೇ ಪಾಳಿಗೆ ಹೊರಟಿದ್ದರು, ಹೆಲ್ಮೆಟ್ ಹಾಕಿಕೊಳ್ಳುತ್ತ, "ಅದೇನ್ ಸಂಗೀತನೋ ಏನೋ. ಕಲತು ಬಂದು ಇಲ್ಲಿ ಬ್ಯಾಂಡ್ ಕಟ್ತೀ ಏನ?" ಅಂದರು. ಯಾರೂ ನಗಲಿಲ್ಲ. ಅವರು ಗಾಡಿಯ ಕೀಲಿ ತೆಗೆದುಕೊಂಡು ಹೋದರು.

ರವಿವಾರ ವಾಪಸ್ ಬರುವಾಗ ರೈಲಿನ ಕಿಟಕಿಯ ಬಳಿ ಕೂತು ಒಂದೇ ವಾಕ್ಯವನ್ನು ತಿರುವಿ ಹಾಕಿದೆ. "ಕಾಕಾ, ನಾಳಿಂದ ನನಗ ಏಳಕ್ಕ ಆಗಂಗಿಲ್ರಿ." ಇಷ್ಟೇ. ಬ್ಯಾಂಕಿನಲ್ಲಿ ದಿನಕ್ಕೆ ಹತ್ತು ಜನಕ್ಕೆ ಆಗುವುದಿಲ್ಲ ಅನ್ನುವವಳು ನಾನು. ಲಾಸಲಗಾಂವ್ ದಾಟಿ ಡಬ್ಬಿಯ ತುಂಬ ಉಳ್ಳಾಗಡ್ಡಿಯ ವಾಸನೆ ಹೊಕ್ಕಾಗಲೂ ಅದೇ ವಾಕ್ಯ. ಮನಮಾಡ ಬರುವಷ್ಟರಲ್ಲಿ ಅದಕ್ಕೆ ಹಿಂದೆ ಮುಂದೆ ಏನೇನೋ ಸೇರಿಕೊಂಡಿತ್ತು: ತಪ್ಪು ತಿಳೀಬ್ಯಾಡ್ರಿ, ನಿಮ್ಮ ಉಪಕಾರ ಮರೆಯಂಗಿಲ್ರಿ.

ಸೋಮವಾರ ಏಳಕ್ಕೆ ಹೋಗಿ ಕುರ್ಚಿಯಲ್ಲಿ ಕೂತೆ. ಕಾಕು ಬೇಳೆಯ ಹೋಳಿಗೆ ಮಾಡಿಟ್ಟಿದ್ದರು. ತಿಂದು, ಕೇಳಿ, ಎದ್ದು ಬಂದೆ. ಮಂಗಳವಾರ ಕಾಕಾ ರೆಕಾರ್ಡಿನ ಯಂತ್ರಕ್ಕೆ ಹೊಸ ಸೂಜಿ ಹಾಕಿಸಿಕೊಂಡು ಬಂದಿದ್ದರು. ಆ ಉತ್ಸಾಹ ನೋಡಿ ಕುರ್ಚಿ ಎಳೆದುಕೊಂಡು ಕೂತೆ. ಬುಧವಾರ ನೀರು ಬಂತು. ಟಾಕಿಯ ಪಕ್ಕ ನಿಂತು ಮಗಳಿಗೆ ಫೋನು ಹಚ್ಚಿದೆ. ರಿಂಗಾಗಿ ನಿಂತಿತು. ಎರಡನೇ ಸಲವೂ. ಟಾಕಿ ತುಂಬಿ ಚೆಲ್ಲಿತು. ಕಾಕು, "ಎಲ್ಲಿ ಅದ ಲಕ್ಷ್ಯ?" ಎಂದು ಒದರಿದರು.

ಗುರುವಾರ ರೆಕಾರ್ಡಿನ ಒಂದು ಬದಿ ಮುಗಿಯಿತು. ಕಾಕಾ ಎದ್ದು, ಅದನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಬಟ್ಟೆಯಿಂದ ಒರೆಸಿ ಮಗುಚಿ ಹಾಕಲು ಬಂದರು. ನಾನು ಎದ್ದುನಿಂತಿದ್ದೆ. ಹೇಗೆ ನಿಂತೆನೋ ತಿಳಿಯದು. ರೈಲಿನಲ್ಲಿ ಕಟ್ಟಿದ ವಾಕ್ಯ ಒಂದಕ್ಷರವೂ ನೆನಪಾಗಲಿಲ್ಲ. ಯಂತ್ರದ ಮೇಲೆ ಖಾಲಿ ತಿರುಗುತ್ತಿದ್ದ ಆ ಕರಿ ತಟ್ಟೆಯ ಮೇಲೆ ನನ್ನ ಎರಡೂ ಕೈ ಅಡ್ಡ ಹಿಡಿದು ಬಗ್ಗಿಬಿಟ್ಟೆ. "ಸಾಕ್ರಿ ಕಾಕಾ."

ಅವರೂ ನಮ್ಮ ಕಡೆಯವರೇ ತಾನೆ. ರೆಕಾರ್ಡು ಕೈಯಲ್ಲೇ ಹಿಡಿದು ನನ್ನ ಕೈಗಳನ್ನು ನೋಡಿದರು, ಮುಖ ನೋಡಿದರು. "ಖರೇನೇ ಸಾಕೇನ್ರಿ?"

"ಖರೇನೇ ರಿ. ಮಗಳು ಏಳಕ್ಕ ಫೋನ್ ಮಾಡ್ತಾಳ್ರಿ. ಐದು ತಿಂಗಳಿಂದ ಎತ್ತಿಲ್ರಿ ನಾ."

ಕಾಕಾ ಮೆಲ್ಲಗೆ ಕೂತರು. ಬಿ.ಪಿ. ನೆನಪಾಗಿ ನೀರಿನ ತಂಬಿಗೆ ಅವರ ಮುಂದೆ ಸರಿಸಿದೆ. ಅವರು ರೆಕಾರ್ಡನ್ನು ಕವಚದೊಳಗೆ ಇಳಿಸುತ್ತ, "ಮೊದ್ಲ ಹೇಳಬಾರದೇನ್ರಿ ಬಾಯಾರ?" ಅಂದರು. ಅದನ್ನು ಬದಿಗಿಟ್ಟು ಮುಂದುವರಿಸಿದರು, "ನಾನೂ ಐದು ತಿಂಗಳಿಂದ ನನಗ ಬೇಕಾದ್ದು ಒಂದೂ ಕೇಳಿಲ್ರಿ. ಇವೆಲ್ಲಾ ಬಾಲವಾಡಿ ರೆಕಾರ್ಡ್. ಮತ್ತ ಮತ್ತ ಇವೇ ಕೇಳಿ ಕೇಳಿ ನನಗ ವಾಂತಿ ಬರೂದೊಂದು ಬಾಕಿ."

"ಹಂಗಾದ್ರ ಯಾಕ ಹಾಕ್ತಿದ್ರಿ?"

"ನೀವು ಇನ್ನೊಂದು ಆಗ್ಲಿ ಅಂದ್ರಿ. ಮ್ಯಾಲ ನಮ್ಮಾಕಿ ಹೇಳಿದ್ಳು, ಆ ಹುಡಿಗಿ ಕ್ವಾಣ್ಯಾಗ ಒಬ್ಬಾಕಿ ಕುಂತು ಅಳ್ತಾಳ, ನೀವು ಜರಾ ಕರೀರಿ, ಆಕಿಗೂ ಸಮಾಧಾನ ಅಂತ."

ನಾನು ಅತ್ತದ್ದು ಜ್ವರದ ದಿನ ಒಮ್ಮೆ, ಅದೂ ಕಾಕುವಿನ ಎದುರಿಗೆ. ಇಬ್ಬರೂ ಬಾಗಿಲ ಕಡೆ ನೋಡಿದೆವು. ಕಾಕು ಗುಡಿಯಿಂದ ಅದೇ ಆಗ ಬಂದು ಚಪ್ಪಲಿ ಬಿಡುತ್ತಿದ್ದರು. ಕಾಕಾ ಕೇಳಿದ್ದಕ್ಕೆ ಸೆರಗಿನಿಂದ ಮುಖ ಒರೆಸಿಕೊಂಡು, ನಾಚಿಕೆಯ ಸುಳಿವೂ ಇಲ್ಲದೆ, "ನಲವತ್ತು ವರ್ಷ ನಾ ಕೇಳೀನಿ. ಐದು ತಿಂಗಳು ಆಕಿ ಕೇಳಿದ್ರ ಏನ್ ಸವದ್ ಹೋದ್ಳು?" ಅಂದರು.

ಶುಕ್ರವಾರದಿಂದ ಏಳರ ತಾಸು ನನ್ನದಾಯಿತು. ಕೋಣೆಯ ಬಾಗಿಲು ಮುಂದಕ್ಕೆಳೆದುಕೊಂಡು ಮಗಳಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮೆಸೇಜು ಬಂತು: ಕೆಳಗಿನ ವಹಿನಿಯ ಅಣ್ಣನ ಮಗಳು ಫಿಜಿಕ್ಸ್ ಹೇಳಿಕೊಡುತ್ತಾಳೆ, ದಿನಾ ಏಳರಿಂದ ಎಂಟು, ಪರೀಕ್ಷೆಯ ತನಕ. ಆಚೆಗೆ ಪಡಸಾಲೆಯಲ್ಲಿ ಕಾಕಾ ತಮ್ಮ ಮೇಲಿನ ಖಾನೆಯ ರೆಕಾರ್ಡು ಹಾಕಿದರು. ಅದರೊಳಗೆ ನಾಲ್ಕೈದು ಜನ ಒಂದೇ ಸಲ ಮನೆ ಬಿಟ್ಟು ಓಡಿದರು, ಮನೆ ಕಾಯಲು ಒಬ್ಬನೂ ಉಳಿದಂತೆ ಕಾಣಲಿಲ್ಲ. ಅದು ಶುರುವಾದ ಎರಡೇ ನಿಮಿಷಕ್ಕೆ ನನ್ನ ಬಾಗಿಲು ತಳ್ಳಿಕೊಂಡು ಕಾಕು ಬಂದರು. ಥಂಡಿ ಶುರುವಾಗಿತ್ತು, ಗುಡಿಯ ಕಟ್ಟೆ ತಣ್ಣಗಾಗುತ್ತದಂತೆ. ಮಂಚದ ಮೇಲೆ ಕಾಲು ಮಡಚಿ ಕೂತು, "ಮಾತಾಡ ಯವ್ವಾ, ನೀ ಫೋನ್ ಮಾಡು, ನಾ ಸುಮ್ ಕುಂದರ್ತೀನಿ" ಅಂದರು. ಸುಮ್ಮನೆ ಕೂರಲಿಲ್ಲ. ಮರುದಿನವೂ ಬಂದರು. ಈಗ ಏಳರಿಂದ ಎಂಟು ನಾನು ಅವರ ತವರುಮನೆಯ ಕಥೆ ಕೇಳುತ್ತೇನೆ. ವರ್ಗಕ್ಕೆ ಮೂರು ಸಲ ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ.

ಮಗಳ ಹತ್ತಿರ ನಾನು ಕ್ಷಮೆ ಕೇಳಲಿಲ್ಲ, ನಮ್ಮಲ್ಲಿ ತಾಯಂದಿರಿಗೆ ಅದರ ರೂಢಿಯಿಲ್ಲ. ಮುಂದಿನ ಸಲ ನಾಸಿಕ್‌ಗೆ ಹೋದಾಗ ರೊಟ್ಟಿ ಬಡಿಯುತ್ತ, "ನನ್ನ ಏಳರ ಟೈಮ್ ಖಾಲಿ ಆತು, ನಿಂದೇ ತುಂಬ್ಯದ" ಅಂದೆ. ಅವಳು ಬಿಸಿ ರೊಟ್ಟಿ ಮುರಿದು ಬಾಯಿಗಿಟ್ಟಳು. "ಸಕಾಳಿ ಮಾಡ. ಮುಂಜಾನೆ ಐದೂವರೆಗೆ ಏಳಬೇಕು ನಾ. ಅಲಾರಂ ಬಂದ್ ಮಾಡಿ ಮಲಕೋತೀನಿ. ಪಪ್ಪಾ ಎಬ್ಬಿಸಿದ್ರ ಸಿಟ್ಟು ಬರ್ತದ."

"ನಾ ಎಬ್ಬಿಸಿದ್ರ?"

"ನೀ ದೂರ ಇದ್ದೀ. ನಿನ್ಮ್ಯಾಲ ಒದರಿದ್ರೂ ಚಾಲ್ತದ."

ಅಪ್ಪನ ಫೋನಿಗೆ ಮಾಡಬೇಕು, ಕಪಾಟಿನ ಕಾಯ್ದೆ ಹಾಗೇ ಇದೆ. ದಿನಾ ಐದೂವರೆಗೆ ಮಾಡುತ್ತೇನೆ. ಅವರು ಎತ್ತಿ, "ತಗೋ, ಜೇಲರ್" ಎಂದು ಅವಳ ಕಿವಿಗೆ ಇಡುತ್ತಾರೆ. ಮೊದಲು ಒಂದು ಹ್ಮ್. ಆಮೇಲೆ ಇನ್ನೊಂದು ಹ್ಮ್. ಹೆಚ್ಚೆಂದರೆ ಮೂರು ನಿಮಿಷ. ಪರೀಕ್ಷೆಯ ಬಗ್ಗೆ ನಾನು ಕೇಳುವುದಿಲ್ಲ. ಥಂಡಿ ಅದ ಏನ, ಸ್ವೆಟರ್ ಹಾಕೋ, ಅಷ್ಟೇ. ಅವಳು ಕೆಲವು ದಿನ ಅರ್ಧ ಮರಾಠಿಯಲ್ಲಿ ಒದರಿ ಇಟ್ಟುಬಿಡುತ್ತಾಳೆ.

ಹೋದ ಮಂಗಳವಾರ ಎತ್ತಿದವಳು ಒದರಲಿಲ್ಲ. "ಇವತ್ತ ಫಿಜಿಕ್ಸ್ ಅದ," ಅಂದಳು. ದನಿ ಸಣ್ಣದಿತ್ತು. ಆಮೇಲೆ, "ಆಯಿ, ಇಡಬ್ಯಾಡ. ಮಾರಿ ತೊಳ್ಕೊಂಡು ಬರ್ತೀನಿ, ಇರು" ಎಂದು ಫೋನನ್ನು ಎಲ್ಲೋ ಇಟ್ಟು ಹೋದಳು. ಬಹುಶಃ ಅಡುಗೆಮನೆಯ ಕಟ್ಟೆಯ ಮೇಲೆ. ನಲ್ಲಿಯ ನೀರಿನ ಸದ್ದು ಬಂತು. ಅವಳ ಅಪ್ಪ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದರು, ಯಾರದೋ ಹಾಲಿನ ಗಾಡಿ ಕೆಳಗೆ ಹಾರ್ನ್ ಹೊಡೆಯಿತು. ಐದು ನಿಮಿಷವಾಯಿತು, ಏಳಾಯಿತು. ನನಗೆ ಸ್ನಾನಕ್ಕೆ ನೀರು ಕಾಯಿಸಬೇಕಿತ್ತು. ನಾನು ಇಡಲಿಲ್ಲ.